ಸೀಟಿ ಆದ ಮೇಲೂ ಗಿಡ ಬಿಡದ ಕೈಗಳು

ಹೋದ ತಿಂಗಳು ಕಳಸದ ಬಸ್ ಸ್ಟ್ಯಾಂಡಿನ ಹತ್ತಿರದ ಒಂದು ಹೋಟೆಲಿನಲ್ಲಿ ಬನ್ಸ್ ತಿನ್ನುತ್ತಾ ಕೂತಿದ್ದೆ. ಗೋಡೆಯ ಟೀವಿಯಲ್ಲಿ ಕ್ರಿಕೆಟ್ಟಿನ ನೇರಪ್ರಸಾರ. ಬ್ಯಾಟಿನವನು ಚೆಂಡು ಹೊಡೆದು ಓಡಿದ. ಅಂದರೆ ಅವನ ತಲೆ ಓಡಿತು, ಸೊಂಟದಿಂದ ಕೆಳಗಿನದು ಓಡಲಿಲ್ಲ. ಪ್ಯಾಡು ಕಟ್ಟಿದ ಎರಡು ಕಾಲು ಅಲ್ಲೇ ನಿಂತಿದ್ದವು. ಸುತ್ತಲೂ ಹಸಿರು, ಕಂದು ಚೌಕಗಳು, ಯಾರೋ ಮೈದಾನಕ್ಕೆ ಬಚ್ಚಲಿನ ಟೈಲ್ಸ್ ಹಾಕಿಸಿದ ಹಾಗೆ.

ಹೋಟೆಲಿನಲ್ಲಿ ತಕ್ಷಣ ಮೂರು ಜನ ವಿಜ್ಞಾನಿಗಳು ಹುಟ್ಟಿಕೊಂಡರು. ಒಬ್ಬ ಮೋಡ ಅಂದ. ಇನ್ನೊಬ್ಬ, ವಯಸ್ಸಾದವನು, ಡಿಶ್ಶಿನ ಮೇಲೆ ಮಂಗ ಕೂತಿರಬೇಕು ಅಂದ. ಮೂರನೆಯವನು ಟೀವಿ ಬಿಸಿಯಾಗಿದೆ ಎಂದು ತೀರ್ಪು ಕೊಟ್ಟ. ಹೋಟೆಲಿನ ಯಜಮಾನ ಗಲ್ಲಾ ಬಿಟ್ಟು ಎದ್ದು ಬಂದು ಸೆಟ್‌ಟಾಪ್ ಬಾಕ್ಸಿನ ನೆತ್ತಿಗೆ ಎರಡು ಬಾರಿಸಿದ. ಅಷ್ಟರಲ್ಲಿ ಚಿತ್ರ ತಾನಾಗಿಯೇ ಸರಿಯಾಯಿತು. ಅವನು ತನ್ನ ಅಂಗೈಯನ್ನು ಮೆಚ್ಚಿಗೆಯಿಂದ ನೋಡಿಕೊಂಡು ವಾಪಸು ಹೋದ. ಇಪ್ಪತ್ತು ವರ್ಷದಿಂದ ನೋಡುತ್ತಿದ್ದೇನೆ, ಇದೇ ಪೆಟ್ಟು, ಇದೇ ಅಂಗೈ. ಪೆಟ್ಟು ಕೊಡದೆ ಸುಮ್ಮನೆ ಕೂತಿದ್ದರೂ ಅಷ್ಟೇ ಹೊತ್ತಿಗೆ ಸರಿಯಾಗುತ್ತಿತ್ತು ಎಂಬುದು ಒಬ್ಬನ ತಲೆಗೂ ಹೊಳೆದಿಲ್ಲ.

ಇಂಥವರಿಗೆ ತಿಳಿಸಿ ಹೇಳುವ ಹೊತ್ತಿನಲ್ಲಿ ಇನ್ನೊಂದು ಬನ್ಸ್ ತಿನ್ನಬಹುದು. ಆದರೆ ಹೊರಗೆ ಹಣ್ಣು ಸುಲಿಯುವ ಪಲ್ಪರ್ ಮನೆಯಿಂದ ಸಿಪ್ಪೆ ತುಂಬಿಕೊಂಡು ಬಂದ ಟ್ರ್ಯಾಕ್ಟರ್ ನಿಂತಿತ್ತು. ಕಾಫಿ ಹಣ್ಣಿನ ಸಿಪ್ಪೆಯ ಹುಳಿ ವಾಸನೆ ಬಾಗಿಲಿನಿಂದ ಒಳಗೆ ನುಗ್ಗಿತು. ಆ ವಾಸನೆಯೂ ಟೀವಿಯಲ್ಲಿ ನಿಂತುಹೋದ ಆ ಕಾಲೂ ಒಟ್ಟಿಗೆ ಸೇರಿ ನನ್ನನ್ನು ಎತ್ತಿಕೊಂಡು ಹೋಗಿ ಎರಡು ಸಾವಿರದ ಏಳೋ ಎಂಟೋ ಇಸವಿಯ ಕೊಯ್ಲಿಗೆ ಒಗೆದವು.

ಆಗ ನಾನು ಕೇಬಲ್ ವಾಸಣ್ಣ. ತೊಂಬತ್ತರ ದಶಕದಲ್ಲಿ ಕಳಸದಿಂದ ಸಂಸೆಯವರೆಗೆ ಮರದಿಂದ ಮರಕ್ಕೆ ವೈರು ಎಳೆದು ಮನೆ ಮನೆಗೆ ಟೀವಿ ಹೊಗಿಸಿದವನು ನಾನೇ. ಹೆಮ್ಮೆಗೆ ಹೇಳುವುದಲ್ಲ, ಅಥವಾ ಹೆಮ್ಮೆಗೇ ಅಂದುಕೊಳ್ಳಿ. ಆ ಕಾಲದ ಟೀವಿ ಕೆಟ್ಟರೆ ಮರ್ಯಾದೆಯಾಗಿ ಕೆಡುತ್ತಿತ್ತು. ಪರದೆಯ ತುಂಬ ಅವಲಕ್ಕಿ ಚೆಲ್ಲಿದಂತೆ ಬಿಳಿ ಚುಕ್ಕೆ, ಸೊಂಯ್ ಎಂಬ ಶಬ್ದ. ಕೆಟ್ಟಿದೆ ಎಂದು ಮೊದ್ದನಿಗೂ ಗೊತ್ತಾಗುತ್ತಿತ್ತು. ಆಮೇಲೆ ಡಿಜಿಟಲ್ ಬಂತು. ಇದು ಕೆಟ್ಟರೂ ಶುಭ್ರವಾಗಿ ಕೆಡುತ್ತದೆ. ಹಳೆಯದು ತೊದಲುತ್ತಿತ್ತು, ಇದು ನಿಮ್ಮ ಮುಖ ನೋಡಿಕೊಂಡೇ ಸುಳ್ಳು ಹೇಳುತ್ತದೆ.

ಯಾಕೆ ಎಂಬುದನ್ನು ನಾನು ಯಾವ ಕಾಲೇಜಿನಲ್ಲೂ ಕಲಿತಿಲ್ಲ. ಧರ್ಮಪ್ಪಗೌಡರ ಎಸ್ಟೇಟಿನ ರೈಟರ್ ಶೀನಪ್ಪ ಹಾಜರಿ ಬರೆಯುವ ಕ್ರಮ ನೋಡಿ ಕಲಿತೆ. ಅವನಷ್ಟು ಸೋಮಾರಿ ರೈಟರ್ ಆ ಘಟ್ಟದಲ್ಲೇ ಇರಲಿಲ್ಲ. ಸೋಮವಾರ ಬೆಳಿಗ್ಗೆ ಮಾತ್ರ ಎಲ್ಲ ಆಳುಗಳ ಹೆಸರೂ ಕೂಗಿ ಪೂರ್ತಿ ಪಟ್ಟಿ ಬರೆಯುತ್ತಿದ್ದ. ಮಂಗಳವಾರದಿಂದ ಒಂದೊಂದು ಚೀಟಿ: 'ನಿನ್ನೆಯಂತೆ. ಲಕ್ಷ್ಮಿ ಇಲ್ಲ. ಬೋಜ ಬಂದಿದ್ದಾನೆ.' ಅಷ್ಟೇ. ಬದಲಾದದ್ದು ಮಾತ್ರ ಬರೆಯುವುದು, ಉಳಿದದ್ದೆಲ್ಲ ನಿನ್ನೆಯಂತೆ. ಒಂದು ವಾರ ಮಂಗಳವಾರದ ಚೀಟಿ ಮಳೆಗೆ ನೆನೆದು ಹಿಟ್ಟಾಯಿತು. ಆ ಚೀಟಿಯಲ್ಲಿ ತಿಮ್ಮ ಊರಿಗೆ ಹೋದ ಸಂಗತಿ ಇತ್ತು. ತಿಮ್ಮ ಊರಿನಲ್ಲಿ ತಂಗಿಯ ಮದುವೆ ಊಟ ಮಾಡುತ್ತಿದ್ದರೂ ಶೀನಪ್ಪನ ಪುಸ್ತಕದಲ್ಲಿ ಶನಿವಾರದ ತನಕ ಗುಂಡಿ ತೋಡುತ್ತಲೇ ಇದ್ದ. ಮುಂದಿನ ಸೋಮವಾರ ಹೆಸರು ಕೂಗಿದಾಗಲೇ ಅವನು ಮಾಯವಾದದ್ದು.

ಡಿಜಿಟಲ್ ಟೀವಿಯೂ ಒಬ್ಬ ಶೀನಪ್ಪನೇ. ಎಲ್ಲ ಚಿತ್ರವನ್ನೂ ಪೂರ್ತಿ ಕಳಿಸಿದರೆ ದಾರಿಯಲ್ಲಿ ಹಿಡಿಸುವುದಿಲ್ಲ. ಹಾಗಾಗಿ ಆಗೊಮ್ಮೆ ಈಗೊಮ್ಮೆ ಒಂದು ಪೂರ್ತಿ ಚಿತ್ರ, ಅದು ಸೋಮವಾರ. ನಡುವಿನದೆಲ್ಲ ಚೀಟಿ: ಇಷ್ಟು ಅಲುಗಿತು, ಉಳಿದದ್ದು ಹಿಂದಿನಂತೆ. ಏನೂ ಅಲುಗದಿದ್ದರೆ ಬರೆಯುವುದಕ್ಕೆ ಕೆಲಸವಿಲ್ಲ, ಚಿತ್ರ ಕನ್ನಡಿಯ ಹಾಗಿರುತ್ತದೆ. ಎಲ್ಲವೂ ಒಮ್ಮೆಗೇ ಅಲುಗಿದರೆ ಬರೆಯುವವನಿಗೆ ಪುರುಸೊತ್ತಿಲ್ಲ, ಅಂದಾಜಿನಲ್ಲಿ ಗೀಚುತ್ತಾನೆ, ಅದೇ ಆ ಚೌಕಗಳು. ಸಿನಿಮಾ ಡಿಸ್ಕಾದರೆ ಮುಂದೇನಿದೆ ಎಂದು ನೋಡಿಕೊಂಡು ಸಾವಕಾಶವಾಗಿ ಬರೆಯಬಹುದು. ಲೈವಿಗೆ ಆ ಭಾಗ್ಯವಿಲ್ಲ. ದಾರಿಯಲ್ಲಿ ಚೀಟಿ ಕಳೆದುಹೋದರೆ ಇನ್ನೊಂದು ತರಿಸಿಕೊಳ್ಳುವಷ್ಟು ಹೊತ್ತೂ ಇಲ್ಲ. ಮುಂದಿನ ಸೋಮವಾರದವರೆಗೆ ತಿಮ್ಮ ಗುಂಡಿ ತೋಡುತ್ತಿರಬೇಕು.

ಇದರಲ್ಲಿ ನನಗೆ ಬಹಳ ಇಷ್ಟವಾದದ್ದು ಒಂದೇ. ಈ ಯಂತ್ರದ ಕಣ್ಣಿಗೆ ಸುಮ್ಮನೆ ಕುರ್ಚಿಯಲ್ಲಿ ಕೂತವನು ಮೀಸೆಯ ಕೂದಲು ಕೂದಲೂ ಕಾಣುವಷ್ಟು ಸ್ಪಷ್ಟ. ಕೈಕಾಲು ಆಡಿಸಿ ದುಡಿಯುವವನು ಚೌಕ ಚೌಕ. ಕಂಡುಹಿಡಿದವರು ಯಾವುದೋ ಪ್ಲಾಂಟರ್ಸ್ ಕ್ಲಬ್ಬಿನ ಮೆಂಬರ್ ಆಗಿದ್ದಿರಬೇಕು.

ನಮ್ಮ ಕಡೆಯ ಕ್ಲಬ್ಬಿಗೆ ಆ ವರ್ಷ ಧರ್ಮಪ್ಪಗೌಡರು ಅಧ್ಯಕ್ಷರು. ದೊಡ್ಡ ತೋಟ, ದೊಡ್ಡ ಜೀಪು, ಎಲ್ಲ ದೊಡ್ಡದು, ಕಿವಿ ಮಾತ್ರ ಸಣ್ಣದು, ತನ್ನ ಮಾತು ಬಿಟ್ಟು ಬೇರೆ ಏನೂ ಅದರೊಳಗೆ ಹೋಗುತ್ತಿರಲಿಲ್ಲ. ಆ ಕೊಯ್ಲಿನಲ್ಲಿ ಅವರಿಗೊಂದು ಯೋಚನೆ ಬಂತು: ಸುತ್ತಲಿನ ಎಸ್ಟೇಟುಗಳ ಆಳುಗಳಿಗೆಲ್ಲ ಹಣ್ಣು ಕುಯ್ಯುವ ಸ್ಪರ್ಧೆ, ಅದನ್ನು ನನ್ನ ಕೇಬಲ್ಲಿನಲ್ಲಿ ಲೈವ್ ತೋರಿಸುವುದು. ನಿಯಮ ಸರಳ. ಒಬ್ಬೊಬ್ಬರಿಗೆ ಒಂದು ಸಾಲು, ಅರ್ಧ ಗಂಟೆ. ಕೆಂಪು ಹಣ್ಣು ಮಾತ್ರ, ಹಸಿರು ಬಿದ್ದರೆ ಕಳೆಯುವುದು. ಸೀಟಿ ಊದಿದ ಕೂಡಲೇ ಎರಡೂ ಕೈ ಮೇಲಕ್ಕೆತ್ತಬೇಕು. ಸೀಟಿ ಆದ ಮೇಲೆ ಗಿಡದ ಮೇಲೆ ಕೈ ಇದ್ದರೆ ಆಟದಿಂದ ಹೊರಗೆ.

ತೀರ್ಪುಗಾರರು ಮೂವರು, ಅಧ್ಯಕ್ಷರೂ ಸೇರಿ. ಮೂವರಿಗೂ ಒಟ್ಟು ಆರು ಮಂಡಿ, ಆರರಲ್ಲಿ ಒಂದೂ ಕಾಫಿ ತೋಟದ ಇಳಿಜಾರು ಇಳಿಯುವ ಸ್ಥಿತಿಯಲ್ಲಿರಲಿಲ್ಲ. ಅದಕ್ಕೆ ಅವರು ಕಂಡುಕೊಂಡ ಉಪಾಯ, ಕ್ಲಬ್ಬಿನ ಹಾಲಿನಲ್ಲಿ ಸೋಫಾದ ಮೇಲೆ ಕೂತು ದೊಡ್ಡ ಟೀವಿಯಲ್ಲಿ ನೋಡಿ ತೀರ್ಪು ಕೊಡುವುದು. ಹಣ್ಣು ಕುಯ್ಯುವುದನ್ನು ನೋಡುವುದಕ್ಕೆ ತೋಟಕ್ಕೆ ಹೋಗದ ಪ್ಲಾಂಟರ್‌ಗಳನ್ನು ಬೇರೆ ಯಾವ ದೇಶದಲ್ಲಾದರೂ ಕಂಡಿದ್ದರೆ ಹೇಳಿ, ನಾನೇ ಬಸ್ ಹತ್ತಿ ಹೋಗಿ ನೋಡಿಬರುತ್ತೇನೆ.

ಸ್ಪರ್ಧೆ ಧರ್ಮಪ್ಪಗೌಡರ ತೋಟದಲ್ಲೇ, ಕ್ಲಬ್ಬು ಕಣಿವೆಯ ಆಚೆ ಗುಡ್ಡದ ಮೇಲೆ. ವೈರು ಎಳೆಯುವ ಹಾಗಿರಲಿಲ್ಲ. ಈ ಕಡೆಯೊಂದು ಸಣ್ಣ ಡಿಶ್ಶು, ಆ ಕಡೆಯೊಂದು, ಒಂದಕ್ಕೊಂದು ಮುಖ ಮಾಡಿ ಕಟ್ಟಿ ಗಾಳಿಯಲ್ಲೇ ಚಿತ್ರ ದಾಟಿಸಿದೆ. ಕ್ಯಾಮೆರಾದಿಂದ ಕಂಪ್ಯೂಟರಿಗೆ, ಕಂಪ್ಯೂಟರಿನಿಂದ ಡಿಶ್ಶಿಗೆ, ಅಲ್ಲಿಂದ ಕ್ಲಬ್ಬಿಗೂ ಊರಿನ ಕೇಬಲ್ಲಿಗೂ. ಬೇರೆಯವರಾದರೆ ಬೆಂಗಳೂರಿನಿಂದ ಲಾರಿಯಲ್ಲಿ ಸಾಮಾನು ತರಿಸುತ್ತಿದ್ದರು, ನಾನು ಎರಡು ಡಿಶ್ಶು, ಹಗ್ಗ, ಒಂದು ಸಿಲ್ವರ್ ಓಕ್ ಮರದಲ್ಲಿ ಮುಗಿಸಿದೆ. ಒಂದು ಕಿತಾಪತಿಯನ್ನೂ ಮಾಡಿದೆ. ಪೂರ್ತಿ ಚಿತ್ರ ಭಾರ ನೋಡಿ, ಅದನ್ನು ಕಡಿಮೆ ಮಾಡಿದಷ್ಟೂ ಉಳಿದದ್ದು ಹೊಳೆಯುತ್ತದೆ. ಹಾಗಾಗಿ ನನ್ನ ಸೋಮವಾರಗಳನ್ನು ದೂರ ದೂರ ಇಟ್ಟೆ, ಹನ್ನೆರಡು ಸೆಕೆಂಡಿಗೊಂದು. ಜನ ಹೊಗಳಬೇಕಿತ್ತು, ಪರೀಕ್ಷೆಗೆ ಹಾಕಿ ತೋರಿಸಿದಾಗ ಹೊಗಳಿದರು ಕೂಡ.

ಗೌಡರ ತೋಟದಿಂದ ಗೆಲ್ಲುವ ಹೆಂಗಸೆಂದರೆ ಗಿರಿಜ. ನಲವತ್ತರ ಆಸುಪಾಸು, ಮಾತು ಕಡಿಮೆ, ಎರಡು ಕೈಯಲ್ಲೂ ಒಂದೇ ವೇಗದಲ್ಲಿ ಕುಯ್ಯುತ್ತಿದ್ದಳು. ಅವಳು ದಾಟಿ ಹೋದ ಗಿಡದಲ್ಲಿ ಒಂದು ಕೆಂಪು ಹಣ್ಣು ಉಳಿದಿರುತ್ತಿರಲಿಲ್ಲ, ಒಂದು ಹಸಿರು ಉದುರಿರುತ್ತಿರಲಿಲ್ಲ. ಆ ತೋಟದಲ್ಲಿ ಹೆಂಗಸರ ಗ್ಯಾಂಗಿಗೆ ಕೆಲಸ ಹೇಳಿ ಮಾಡಿಸುವ ಮೇಸ್ತ್ರಿ ಬಿಟ್ಟುಹೋಗಿ ತಿಂಗಳಾಗಿತ್ತು. ಗೌಡರು ಕ್ಲಬ್ಬಿನ ಮೈಕು ಕೈಗೆ ಸಿಕ್ಕ ಹುಮ್ಮಸ್ಸಿನಲ್ಲಿ, ನಮ್ಮ ತೋಟದವರು ಯಾರು ಗೆದ್ದರೂ ಅವರೇ ಮುಂದಿನ ಮೇಸ್ತ್ರಿ ಎಂದು ಘೋಷಿಸಿಬಿಟ್ಟಿದ್ದರು. ಆ ತೋಟದಲ್ಲಿ ಅಲ್ಲಿಯವರೆಗೆ ಹೆಂಗಸರ ಗ್ಯಾಂಗಿಗೂ ಗಂಡಸೇ ಮೇಸ್ತ್ರಿ. ಗೆಲ್ಲುವವರು ಗಂಡಸರೇ ಎಂಬುದು ಗೌಡರ ಲೆಕ್ಕ. ತಮ್ಮ ತೋಟದಲ್ಲಿ ಯಾರು ಹೇಗೆ ಕುಯ್ಯುತ್ತಾರೆಂಬುದು ಅವರಿಗೆ ಗೊತ್ತಿದ್ದದ್ದು ಅಷ್ಟೇ.

ಹಿಂದಿನ ದಿನ ಡಿಶ್ಶು ಕಟ್ಟುತ್ತಿದ್ದಾಗ ಗಿರಿಜ ಬಂದು ಮರದ ಕೆಳಗೆ ನಿಂತಳು. ಸಂಸೆಯಲ್ಲಿ ಕಾಣುತ್ತದೆಯೇ ಎಂದು ಕೇಳಿದಳು. ಅಲ್ಲಿ ಅವಳ ಮಗಳನ್ನು ಕೊಟ್ಟ ಮನೆ. ಮದುವೆಯಾಗಿ ಆರು ತಿಂಗಳು, ಬೀಗಿತ್ತಿ ಬಹಳ ಬಿಗಿ ಹೆಂಗಸು, ಎಸ್ಟೇಟಿನ ಆಳುಗಳ ಲೈನ್ ಮನೆಯಿಂದ ಬಂದ ಸೊಸೆ ಎಂದು ಮಗಳನ್ನು ಚುಚ್ಚುತ್ತಿದ್ದಳಂತೆ.

"ನಾಳೆ ಟೀವಿ ಹಾಕಿ ಕೂತ್ಕೊಳಿ ಅಂತ ಹೇಳಿ ಕಳ್ಸಿದ್ದೀನಿ ವಾಸಣ್ಣ" ಅಂದಳು. "ಮುಖ ಕಾಣ್ದಿದ್ರೂ ಅಡ್ಡಿಲ್ಲ. ಕೈ ಕಾಣ್ಬೇಕು."

ಕಾಣುತ್ತೆ ಮಾರಾಯ್ತಿ, ಉಗುರಿನ ಮಣ್ಣೂ ಕಾಣುತ್ತೆ ಎಂದು ಮರದ ಮೇಲಿನಿಂದಲೇ ಜಂಬ ಕೊಚ್ಚಿದೆ.

ಮರುದಿನ ಇಬ್ಬನಿ ಆರುವ ಹೊತ್ತಿಗೆ ಶುರುವಾಯಿತು. ಹನ್ನೆರಡು ಸಾಲು, ಹನ್ನೆರಡು ಜನ, ಸೊಂಟಕ್ಕೆ ಚೀಲ. ನಾನು ಕ್ಯಾಮೆರಾ ಹಿಂದೆ. ಕಾಫಿ ಗಿಡವೆಂದರೆ ಗೊತ್ತಲ್ಲ, ಒಂದು ರೆಕ್ಕೆ, ಅಂದರೆ ಅಡ್ಡ ಕೊಂಬೆ, ಎಳೆದರೆ ಇಡೀ ಗಿಡ ನಡುಗುತ್ತದೆ. ಹನ್ನೆರಡು ಗಿಡ ಒಟ್ಟಿಗೆ ನಡುಗಿದರೆ ಎಲೆ ಎಲೆಯೂ ಬದಲಾವಣೆ, ಚೀಟಿ ಬರೆಯುವವನ ಕೈ ಸೋತು ಹೋಗುತ್ತದೆ. ಟೀವಿಯಲ್ಲಿ ಕಂಡದ್ದು ಹಸಿರು ಚೌಕಗಳ ನಡುವೆ ಸೀರೆಯ ಚೂರುಗಳು ಎಂದು ಆಮೇಲೆ ತಿಳಿಯಿತು. ನಡುನಡುವೆ ಕ್ಲಬ್ಬಿನ ಬ್ಯಾನರ್ ಕಾಣಿಸುತ್ತಿತ್ತಂತೆ, ಅದು ಅಲುಗದ್ದರಿಂದ ಬಹಳ ಸುಂದರವಾಗಿತ್ತಂತೆ.

ಶೀನಪ್ಪ ಸೀಟಿ ಊದಿದ. ಗಿರಿಜಳ ಎರಡು ಕೈಯೂ ಸೀಟಿಯ ಜೊತೆಗೇ ಮೇಲೆದ್ದವು. ಉಳಿದವರಿಗಿಂತ ಮೊದಲು, ದೇವರ ಮುಂದೆ ಎತ್ತಿದ ಹಾಗೆ. ಕ್ಯಾಮೆರಾದ ಕಣ್ಣಲ್ಲೂ ನನ್ನ ಕಣ್ಣಲ್ಲೂ ಕಂಡೆ. ಅದೇ ಕ್ಷಣಕ್ಕೆ ನನ್ನ ಹಿಂದೆ ಟ್ರ್ಯಾಕ್ಟರಿನ ಟ್ರೈಲರಿನಲ್ಲಿ ಕೂತು ನೋಡುತ್ತಿದ್ದ ಇಪ್ಪತ್ತು ಮೂವತ್ತು ಜನ ಒಟ್ಟಿಗೆ ಎದ್ದು ನಿಂತರು, ನೇರ ನನ್ನ ಡಿಶ್ಶಿನ ಮೂತಿಗೆ ಅಡ್ಡ. ಡಿಶ್ಶಿಗೆ ಸಿಕ್ಕಿಸಿದ ಪೆಟ್ಟಿಗೆಯ ದೀಪ ಒಂದು ಸಲ ಕೆಂಪಾಗಿ ಮತ್ತೆ ಹಸಿರಾಯಿತು. ಅರ್ಧ ಸೆಕೆಂಡು. ನಾನು ತಲೆ ಕೆಡಿಸಿಕೊಳ್ಳಲಿಲ್ಲ.

ತೂಕ ಮಾಡಿದರು. ಗಿರಿಜಳದ್ದೇ ಹೆಚ್ಚು, ಹಸಿರು ಒಂದೂ ಇಲ್ಲ. ಹೆಂಗಸರು ಅವಳ ಬೆನ್ನು ತಟ್ಟುತ್ತಿದ್ದಾಗ ಶೀನಪ್ಪನ ಮೊಬೈಲು ಕೂಗಿತು. ಮಾತು ಕೇಳುವಷ್ಟು ಸಿಗ್ನಲ್ ಸಿಗುವುದು ನೀರಿನ ಟ್ಯಾಂಕಿನ ಮೇಲೆ ಮಾತ್ರ, ಅವನು ಏಣಿ ಹತ್ತಿ ಹೋಗಿ ಮಾತಾಡಿ ಇಳಿದು ಬಂದ. ಮುಖ ಸಪ್ಪೆಯಾಗಿತ್ತು.

"ಗಿರಿಜಕ್ಕನ್ನ ತೆಗ್ದು ಹಾಕಿದ್ರಂತೆ" ಅಂದ. "ಸೀಟಿ ಆದ್ಮೇಲೂ ಕೈ ಗಿಡದಲ್ಲೇ ಇತ್ತಂತೆ. ತಲೆ ಮಾತ್ರ ಎತ್ತಿ ನಮ್ ಕಡೆ ನೋಡ್ತಾ, ಕೈ ಬಿಡ್ದೆ ಕುಯ್ತಿದ್ಲು ಅಂತಾರೆ. ಮೂರು ಜನಾನೂ ನೋಡಿದ್ದಾರಂತೆ. ಗೌಡ್ರು ಹತ್ತರ ತನಕ ಎಣಿಸಿದ್ರಂತೆ."

ಗಿರಿಜ ತನ್ನ ಕೈಗಳನ್ನು ತಿರುಗಿಸಿ ಮುರುಗಿಸಿ ನೋಡಿಕೊಂಡಳು. "ನಾನು ಬಿಟ್ಟಿದ್ದೆ" ಎಂದಷ್ಟೇ ಹೇಳಿದಳು. ಬೇರೆ ತೋಟದ ಹೆಂಗಸರು ಒಬ್ಬೊಬ್ಬರಾಗಿ ದೂರ ಸರಿದರು. ಬೆನ್ನು ತಟ್ಟಿದ ಕೈಗಳೇ ಮೊದಲು ಸರಿದವು.

ನನಗೆ ಆ ಕ್ಷಣಕ್ಕೇ ಗೊತ್ತಾಯಿತು. ಆ ಯಂತ್ರ ಚಿತ್ರವನ್ನು ಅಡ್ಡ ಅಡ್ಡ ಪಟ್ಟಿಯಾಗಿ ಕಳಿಸುತ್ತದೆ. ತಲೆಯ ಪಟ್ಟಿ ಮಾತ್ರ ದಾಟಿದೆ, ಅದರ ಮೇಲಿನ, ಕೆಳಗಿನ ಕೈಯ ಪಟ್ಟಿಗಳು ಟ್ರೈಲರಿನ ಜನರಿಗೆ ಡಿಕ್ಕಿ ಹೊಡೆದು ಸತ್ತಿವೆ. ಆಮೇಲೆ ಕೈ ಮೊದಲಿದ್ದ ಜಾಗದಲ್ಲಿ ಏನೂ ಅಲುಗದ್ದರಿಂದ ಯಂತ್ರ 'ನಿನ್ನೆಯಂತೆ' ಎಂದು ಬರೆಯುತ್ತಾ ಹೋಗಿದೆ. ಮುಂದಿನ ಸೋಮವಾರ ಬರುವವರೆಗೆ ಹಳೆಯ ಕೈ ಗಿಡಕ್ಕೆ ಅಂಟಿಕೊಂಡಿತ್ತು. ಸೋಮವಾರವನ್ನು ಅಷ್ಟು ದೂರ ಇಟ್ಟವನು ನಾನೇ. ಎರಡು ಸೆಕೆಂಡಿಗೊಂದು ಇಟ್ಟಿದ್ದರೆ ಗೌಡರಿಗೆ ಎಣಿಸಲು ಮೂರನೇ ಅಂಕಿ ಸಿಗುತ್ತಿರಲಿಲ್ಲ.

ಕ್ಯಾಮೆರಾದೊಳಗೆ ಟೇಪು ಓಡುತ್ತಿತ್ತು. ಅದು ಡಿಶ್ಶು ದಾಟಿ ಹೋದದ್ದಲ್ಲ, ಕ್ಯಾಮೆರಾ ಕಂಡದ್ದು ಕಂಡ ಹಾಗೆ ಅದರಲ್ಲಿತ್ತು. ಟೇಪು ತೆಗೆದು ಅಂಗಿ ಜೇಬಿಗೆ ಹಾಕಿಕೊಂಡು ಜೀಪು ಹತ್ತಿ ಕ್ಲಬ್ಬಿಗೆ ಹೋದೆ. ಆಗ ಹನ್ನೊಂದೂವರೆ. ಗೌಡರು ಹಾಲಿನಲ್ಲಿ ಉಳಿದಿಬ್ಬರಿಗೆ ಕೈಯಾಡಿಸಿ ವಿವರಿಸುತ್ತಿದ್ದರು. ಗೌಡ್ರೆ, ಟೀವಿಯಲ್ಲಿ ಕಂಡದ್ದು ಸರಿಯಿಲ್ಲ ಎಂದು ಬಾಯಿ ತೆಗೆದೆ, ಅಷ್ಟೇ.

"ವಾಸು, ನೀನು ವೈರು ನೋಡ್ಕೊ" ಅಂದರು, ತಿರುಗಿಯೂ ನೋಡದೆ. "ಕಣ್ಣಾರೆ ನೋಡಿದ್ದೀವಿ ನಾವು. ನಮ್ ತೋಟದ ಆಳು ಅಂತ ಬಿಡಕ್ಕಾಗುತ್ತಾ? ನಿಯಮ ಅಂದ್ರೆ ನಿಯಮ."

ಆ 'ನಿಯಮ'ದಲ್ಲಿ ಬಹಳ ನೆಮ್ಮದಿಯಿತ್ತು, ಹೆಂಗಸೊಬ್ಬಳನ್ನು ಮೇಸ್ತ್ರಿ ಮಾಡುವ ತಾಪತ್ರಯ ತಪ್ಪಿತಲ್ಲ. ಆದರೆ ನನ್ನನ್ನು ಚುಚ್ಚಿದ್ದು ಅದಲ್ಲ. ವೈರು ನೋಡಿಕೊಳ್ಳಬೇಕಂತೆ. ರಿಮೋಟಿನ ಯಾವ ಗುಂಡಿ ಒತ್ತಬೇಕೆಂದು ನನ್ನನ್ನೇ ಕರೆಸುತ್ತಿದ್ದ ಮನುಷ್ಯ, ಇಡೀ ಕಣಿವೆಯ ಮೇಲೆ ಗಾಳಿಯಲ್ಲಿ ಚಿತ್ರ ಹಾರಿಸಿದ ನನಗೆ, ವೈರು ನೋಡಿಕೋ ಎನ್ನುತ್ತಾನೆ. ಜೇಬಿನಲ್ಲಿದ್ದ ಟೇಪನ್ನು ಮುಟ್ಟಿ ನೋಡಿಕೊಂಡೆ. ತೆಗೆಯಲಿಲ್ಲ. ಈ ಮನುಷ್ಯನಿಗೆ ಟೇಪು ಸಾಲದು ಎಂದು ತೀರ್ಮಾನಿಸಿದೆ.

ಸಂಜೆ ನಾಲ್ಕಕ್ಕೆ ಕ್ಲಬ್ಬಿನ ಹುಲ್ಲುಹಾಸಿನ ಮೇಲೆ ಬಹುಮಾನ ಹಂಚುವುದು, ಅದೂ ಲೈವ್. ಆಳುಗಳಿಗೆಲ್ಲ ಅಲ್ಲೇ ಊಟ. ಅವರು ನೋಡಲೆಂದು ಹಾಲಿನ ಟೀವಿಯನ್ನು ಜಗಲಿಗೆ ತಂದಿಟ್ಟಿದ್ದರು. ತೋಟದ ಡಿಶ್ಶನ್ನೂ ಕಂಪ್ಯೂಟರನ್ನೂ ಹುಲ್ಲುಹಾಸಿನ ಮೂಲೆಗೆ ತಂದು, ಚಿತ್ರ ಕ್ಲಬ್ಬಿನ ಡಿಶ್ಶಿಗೆ ಮತ್ತೆ ಗಾಳಿಯಲ್ಲೇ ಹೋಗುವ ಹಾಗೆ ಕಟ್ಟಿದೆ. ನಾನು ಶೀನಪ್ಪನನ್ನು ಅಡುಗೆ ಮನೆಯ ಹಿಂದಕ್ಕೆ ಕರೆದುಕೊಂಡು ಹೋಗಿ ಎಲ್ಲ ಹೇಳಿದೆ. ಅವನ ಹಾಜರಿ ಪುಸ್ತಕದ ಉದಾಹರಣೆ ಕೊಟ್ಟದ್ದಕ್ಕೆ ಮೊದಲು ಮುನಿಸಿಕೊಂಡ, ತಾನು ದಿನಾ ಪೂರ್ತಿ ಹೆಸರು ಕೂಗುತ್ತೇನೆಂದು ಆಣೆ ಹಾಕಿದ. ತಿಮ್ಮನ ಗುಂಡಿ ನೆನಪಿಸಿದ ಮೇಲೆ ಮುಂದೇನು ಮಾಡಬೇಕು ಎಂದು ಕೇಳಿದ. ಊಟ ಬಡಿಸುವ ದೊಡ್ಡ ಸ್ಟೀಲ್ ತಟ್ಟೆಯೊಂದನ್ನು ಅವನ ಕೈಗೆ ಕೊಟ್ಟೆ. ಸೀಟಿಯೂ ಅವನ ಹತ್ತಿರವೇ ಇತ್ತು. ಕಂಪ್ಯೂಟರಿನಲ್ಲಿ ಸೋಮವಾರಗಳನ್ನು ಇನ್ನೂ ದೂರ ತಳ್ಳಿದೆ.

ನಾಲ್ಕಕ್ಕೆ ಗೌಡರು ಮೈಕು ಹಿಡಿದು ಪ್ರಾಮಾಣಿಕತೆಯ ಬಗ್ಗೆ ಮಾತಾಡಿದರು. ಕ್ಯಾಮೆರಾ ಯಾರ ಮುಖವನ್ನೂ ನೋಡುವುದಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತದೆ ಅಂದರು. ಆಳುಗಳ ಸಾಲಿನ ಕೊನೆಯಲ್ಲಿ ಗಿರಿಜ ಎಲೆಯ ಮುಂದೆ ತಲೆ ತಗ್ಗಿಸಿ ಕೂತಿದ್ದಳು, ಎಲೆಯಲ್ಲಿ ಬಡಿಸಿದ್ದು ಬಡಿಸಿದ ಹಾಗೇ ಇತ್ತು. ಎರಡನೆಯವನಾಗಿ ಬಂದು ಮೊದಲನೆಯವನಾದ ಪಕ್ಕದ ಎಸ್ಟೇಟಿನ ಹುಡುಗನನ್ನು ಕರೆಯುವ ಮೊದಲು ನಾನು ಕೈ ಮುಗಿದು ಹೋದೆ. ಗೌಡ್ರೆ, ಲೈವಿನಲ್ಲಿ ಒಂದು ಒಳ್ಳೆ ದೃಶ್ಯ ಬರಲಿ, ನೀವು ಎರಡು ಕೈಯಲ್ಲೂ ಬಹುಮಾನದ ಕಪ್ಪು ಹಿಡ್ಕೊಳ್ಳಿ, ಶೀನಪ್ಪ ಸೀಟಿ ಊದಿದ ಕೂಡಲೇ ಕಪ್ಪು ಮೇಜಿನ ಮೇಲೆ ಬಿಟ್ಟು ಜನರಿಗೆ ನಮಸ್ಕಾರ ಮಾಡಿ ಎಂದೆ. ಹೊಗಳಿಕೆಯ ವಾಸನೆ ಬಂದರೆ ಆ ಕಿವಿ ಎಷ್ಟು ದೊಡ್ಡದಾಗುತ್ತಿತ್ತು ಗೊತ್ತೇ? ಶಾಲು ಸರಿಮಾಡಿಕೊಂಡು ನಿಂತರು.

ಶೀನಪ್ಪ ಡಿಶ್ಶಿನ ಪಕ್ಕ ನಿಂತು ಸೀಟಿ ಊದಿ, ತಟ್ಟೆಯನ್ನು ಡಿಶ್ಶಿನ ಮುಂದೆ ಒಂದು ಸಲ ಬೀಸಿದ. ಯಾವ ಪಟ್ಟಿ ಸಾಯುತ್ತದೆ ಎಂಬುದು ನಮ್ಮ ಕೈಯಲ್ಲಿಲ್ಲ. ಮೊದಲ ಸಲ ಹಿಂದೆ ನಿಂತ ಅತಿಥಿಯ ಹೊಟ್ಟೆ ಮಾತ್ರ ಎರಡಾಯಿತು. ಇನ್ನೊಂದು ಸಲ ಗೌಡ್ರೆ ಎಂದೆ. ಎರಡನೆಯ ಸಲ ಏನೂ ಆಗಲಿಲ್ಲ. ಇನ್ನೊಂದೇ ಒಂದು ಎಂದೆ. ಮೂರು ಸಲವೂ ಬೇಸರವಿಲ್ಲದೆ ನಿಂತರು ಪುಣ್ಯಾತ್ಮ.

ಮೂರನೆಯ ಸಲ ಬಂತು. ಹುಲ್ಲುಹಾಸಿನ ಮೇಲೆ ಗೌಡರು ಕೈ ಮುಗಿದು ನಗುತ್ತಾ ನಿಂತಿದ್ದರು. ಜಗಲಿಯ ಟೀವಿಯಲ್ಲಿ ಅವರ ತಲೆ ನಗುತ್ತಾ ಬಾಗಿತು, ಎರಡು ಕೈ ಮಾತ್ರ ಕಪ್ಪನ್ನು ಬಿಗಿಯಾಗಿ ಹಿಡಿದುಕೊಂಡೇ ಇದ್ದವು.

ಊಟಕ್ಕೆ ಕೂತವರಲ್ಲಿ ಯಾವುದೋ ಮುದುಕಿ ಶುರು ಮಾಡಿದ್ದು, ಒಂದು, ಎರಡು ಎಂದು. ಇನ್ನೊಬ್ಬಳು ಸೇರಿದಳು. ಐದಕ್ಕೆ ಬರುವಷ್ಟರಲ್ಲಿ ಇಡೀ ಪಂಕ್ತಿ ಎಣಿಸುತ್ತಿತ್ತು. ಜನ ಯಾಕೆ ಎಣಿಸುತ್ತಿದ್ದಾರೆ ಎಂದು ಗೌಡರು ತಿರುಗಿ ಟೀವಿ ನೋಡಿದರು. ಟೀವಿಯಲ್ಲೂ ತಲೆ ತಿರುಗಿತು, ಕೈ ಕಪ್ಪು ಬಿಡಲಿಲ್ಲ. ಅವರು ತಮ್ಮ ಕೈ ಬಿಚ್ಚಿ ನೋಡಿಕೊಂಡರು, ಮತ್ತೆ ಟೀವಿ ನೋಡಿದರು. ಬೆಳಿಗ್ಗೆ ಗಿರಿಜ ನೋಡಿಕೊಂಡ ಹಾಗೆಯೇ.

ಹತ್ತಾದ ಮೇಲೆ ಶೀನಪ್ಪ, ಜೀವಮಾನದಲ್ಲಿ ಮೊದಲ ಸಲ ಗಟ್ಟಿಯಾಗಿ ಬಾಯಿಬಿಟ್ಟ. "ಗೌಡ್ರೆ, ಸೀಟಿ ಆಗಿದೆ. ಕೈ ಬಿಡ್ಬೇಕು."

ಆಮೇಲಿನದು ಸುಲಭ. ಕ್ಯಾಮೆರಾಕ್ಕೆ ಬೆಳಗಿನ ಟೇಪು ಹಾಕಿ ಟೀವಿಗೆ ಸಿಕ್ಕಿಸಿದೆ. ಸೀಟಿ, ಮೇಲೆದ್ದ ಎರಡು ಕೈ, ಎಲ್ಲರಿಗಿಂತ ಮೊದಲು. ಗೌಡರು ಟೆಕ್ನಿಕಲ್ ಪ್ರಾಬ್ಲಮ್ ಎಂದು ಇಂಗ್ಲಿಷಿನಲ್ಲಿ ನಾಲ್ಕು ಸಲ ಹೇಳಿದರು, ತಪ್ಪಾಯಿತು ಎಂದು ಕನ್ನಡದಲ್ಲಿ ಒಂದು ಸಲವೂ ಹೇಳಲಿಲ್ಲ. ಕಪ್ಪು ಗಿರಿಜಳಿಗೆ ಹೋಯಿತು. ಅಷ್ಟು ಜನರ ಎದುರು, ಮೈಕಿನಲ್ಲಿ ಆಡಿದ ಮಾತು, ಮೇಸ್ತ್ರಿ ಕೆಲಸಕ್ಕೂ ಹೂಂ ಅನ್ನಲೇಬೇಕಾಯಿತು.

ನಾನು ಅಷ್ಟು ಉಬ್ಬಿದ್ದು ನನ್ನ ಮದುವೆಯಲ್ಲೂ ಇಲ್ಲ. ವೈರು ಸುತ್ತುತ್ತಾ, ಈ ಕಥೆಯನ್ನು ಯಾರಿಗೆ ಮೊದಲು ಹೇಳಲಿ ಎಂದು ಲೆಕ್ಕ ಹಾಕುತ್ತಿದ್ದೆ. ಹೊತ್ತು ಮುಳುಗುವ ಮೊದಲು ಗಿರಿಜ ಕಪ್ಪನ್ನು ಟವಲಿನಲ್ಲಿ ಸುತ್ತಿಕೊಂಡು ಜೀಪಿನ ಹತ್ತಿರ ಬಂದಳು. ಶೀನಪ್ಪ ಅವಳಿಗೆ ಎಲ್ಲ ಹೇಳಿದ್ದ, ಹಾಜರಿ ಚೀಟಿಯ ಉದಾಹರಣೆ ಸಮೇತ. ಗೌಡರಿಗೆ ಆಮೇಲೆ ಮೂರು ಸಲ ವಿವರಿಸಿದರೂ ಅರ್ಥವಾಗದ್ದು ಅವಳಿಗೆ ಒಂದೇ ಸಲಕ್ಕೆ ಅರ್ಥವಾಗಿತ್ತು. ಹೊಗಳಲಿ ಎಂದು ನಾನು ವೈರು ಕೆಳಗಿಟ್ಟು ನಿಂತೆ.

"ಟೇಪು ಬೆಳಿಗ್ಗೆಯಿಂದ ನಿಮ್ ಜೇಬಲ್ಲೇ ಇತ್ತಂತೆ."

ಹೌದು ಮಾರಾಯ್ತಿ, ಆದರೆ ಬರೀ ಟೇಪು ತೋರಿಸಿದ್ದರೆ ಗೌಡರ ಮುಖ ಹೀಗಾಗುತ್ತಿತ್ತಾ ಎಂದು ನಕ್ಕೆ.

ಅವಳು ನಗಲಿಲ್ಲ. "ನಂಗೆ ಅವ್ರ ಮುಖ ಕಟ್ಕೊಂಡು ಏನಾಗ್ಬೇಕಿತ್ತು ವಾಸಣ್ಣ? ನಂಗೆ ಬೇಕಿದ್ದಿದ್ದು ನನ್ ಕೈ. ಮಗಳು ಫೋನ್ ಮಾಡಿದ್ಲು. ಬೆಳಿಗ್ಗೆ ಅದನ್ನ ನೋಡಿ ಬೀಗಿತ್ತಿ ಟೀವಿ ಆರ್ಸಿ ಎದ್ದು ಹೋದ್ರಂತೆ. ಮತ್ತೆ ಹಾಕೇ ಇಲ್ಲ. ನಾಲ್ಕು ಗಂಟೆದು ಆ ಮನೇಲಿ ಯಾರೂ ನೋಡಿಲ್ಲ."

ನಾನು ಏನೋ ಹೇಳಲು ಹೋದೆ, ಹನ್ನೊಂದೂವರೆಗೇ ಹೇಳಲು ಹೋಗಿದ್ದೆ, ಅವರೇ ಕೇಳಲಿಲ್ಲ ಎಂದೆಲ್ಲ.

"ಚೀಟಿ ನೆನ್ದು ಹೋಗಿದ್ದು ನಿಮ್ಗೊಬ್ರಿಗೇ ಗೊತ್ತಿತ್ತು" ಅಂದಳು. "ಗೊತ್ತಿದ್ದೂ ಸೋಮವಾರದ ತನಕ ಕಾದ್ರಿ."

ಅಷ್ಟು ಹೇಳಿ ಟವಲಿನ ಗಂಟನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಇಳಿಜಾರು ಇಳಿದು ಹೋದಳು.

ಮರುದಿನ ಟೇಪನ್ನು ಚಾನೆಲ್ಲಿನಲ್ಲಿ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಹಾಕಿದೆ. ಒಂದು ವಾರ ಹಾಕಿದೆ. ಸಂಸೆಯ ಆ ಮನೆಯಲ್ಲಿ ನೋಡಿದರೋ ಇಲ್ಲವೋ ನನಗೆ ಗೊತ್ತಿಲ್ಲ, ಕೇಳುವ ಧೈರ್ಯವಾಗಲಿಲ್ಲ. ಗಿರಿಜ ಹನ್ನೊಂದು ಕೊಯ್ಲು ಮೇಸ್ತ್ರಿಯಾಗಿದ್ದಳು. ಅವಳ ಗ್ಯಾಂಗಿನಲ್ಲಿ ದಿನಾ ಬೆಳಿಗ್ಗೆ ಎಲ್ಲರ ಹೆಸರನ್ನೂ ಕೂಗಬೇಕಿತ್ತು, ಮಂಗಳವಾರವೂ, ಮಳೆ ಬಂದರೂ. ಶೀನಪ್ಪ ಅದಕ್ಕಾಗಿ ಅವಳಿಗಿಂತ ನನ್ನನ್ನೇ ಹೆಚ್ಚು ಬೈಯುತ್ತಿದ್ದ.

ನಾನು ಮಾಡಿದ್ದು ಇನ್ನೊಂದು. ಆ ವಾರವೇ ಕಂಪ್ಯೂಟರ್ ಮುಂದೆ ಕೂತು ಸೋಮವಾರಗಳ ಅಂಕಿಯನ್ನು ಅಳಿಸಿ ಒಂದು ಎಂದು ಬರೆದೆ. ಸೆಕೆಂಡಿಗೊಂದು ಸೋಮವಾರ. ದಾರಿ ಅಷ್ಟೇ ಅಗಲ, ಪೂರ್ತಿ ಚಿತ್ರಗಳೇ ತುಂಬಿಕೊಂಡರೆ ಉಳಿದದ್ದಕ್ಕೆ ಜಾಗವೆಲ್ಲಿ? ನನ್ನ ಲೋಕಲ್ ಚಾನೆಲ್ಲಿನ ಹೊಳಪು ಹೋಯಿತು, ಎಲ್ಲವೂ ಸ್ವಲ್ಪ ಮಬ್ಬು, ಸ್ವಲ್ಪ ಒರಟು. ಊರಿನವರು ಬೈಯಲು ಶುರು ಮಾಡಿದರು. ವಾಸಣ್ಣನಿಗೆ ವಯಸ್ಸಾಯಿತು, ಕೈ ಹಿಡಿತ ಹೋಯಿತು ಎಂದರು. ಧರ್ಮಪ್ಪಗೌಡರು ಖುದ್ದು ಫೋನ್ ಮಾಡಿ ಮೊದಲಿನ ಹಾಗೆ ಮಾಡು ಎಂದರು. ಮಾಡಲಿಲ್ಲ. ಕೇಬಲ್ ಮಾರಿ ಕೈ ತೊಳೆದುಕೊಂಡ ದಿನದವರೆಗೂ ಆ ಅಂಕಿ ಒಂದೇ ಇತ್ತು.

ಕಾರಣ ಏನು ಎಂದು ಕೇಳಿದವರಿಗೆಲ್ಲ ಒಂದೇ ಉತ್ತರ ಕೊಟ್ಟೆ, ಡಿಶ್ಶಿನ ಮೇಲೆ ಮಂಗ ಕೂರುತ್ತದೆ ಎಂದು. ನಂಬಿದರು. ಕಳಸದ ಹೋಟೆಲುಗಳಲ್ಲಿ ಇವತ್ತಿಗೂ ಅದನ್ನೇ ಹೇಳುತ್ತಾರೆ.